ಬಂದರಷ್ಟೇ ಅಲ್ಲ ‘ಹಾರ್ಬರ್’

‘ಹಾರ್ಬರ್ ಎಂದರೇನು?’ ಎಂದು ಹೈಸ್ಕೂಲಿನ ಯಾವ ಹುಡುಗನನ್ನು ಕೇಳಿದರೂ ‘ಬಂದರು’ ಎಂದು ಥಟ್ಟನೆ ಹೇಳುತ್ತಾನೆ. ಉತ್ತರ ಸರಿಯೇ. ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಅಂಕವೂ ಸಿಗುತ್ತದೆ. ಆದರೆ ಅದೇ ಹುಡುಗ ಇಂಗ್ಲಿಷ್ ಪತ್ರಿಕೆ ತೆರೆದು, ಕೊಲೆ ಆರೋಪಿಯನ್ನು ‘ಹಾರ್ಬರ್’ ಮಾಡಿದ್ದಕ್ಕಾಗಿ ಇಬ್ಬರ ಬಂಧನ ಎಂಬ ಸುದ್ದಿ ಓದಿದರೆ ತಬ್ಬಿಬ್ಬಾಗುತ್ತಾನೆ. ಕೊಲೆಗೂ ಬಂದರಿಗೂ ಎತ್ತಣ ಸಂಬಂಧ? ಆರೋಪಿಯನ್ನು ಹಡಗು ಹತ್ತಿಸಿ ಕಳಿಸಿದರೇ? ಜೀವಶಾಸ್ತ್ರದ ಪುಸ್ತಕ ತೆರೆದರೆ ಅಲ್ಲಿ ಸೊಳ್ಳೆಯೊಂದು ರೋಗಾಣುವನ್ನು ‘ಹಾರ್ಬರ್’ ಮಾಡುತ್ತಿರುತ್ತದೆ. ಕಥೆಪುಸ್ತಕದಲ್ಲಿ ಒಬ್ಬಾಕೆ ತಂಗಿಯ ಮೇಲಿನ ಸಿಟ್ಟನ್ನು ಹತ್ತು ವರ್ಷದಿಂದ ‘ಹಾರ್ಬರ್’ ಮಾಡುತ್ತಿರುತ್ತಾಳೆ. ಎಲ್ಲಿಯೂ ಸಮುದ್ರವಿಲ್ಲ, ಹಡಗಿಲ್ಲ.

ಇದರಲ್ಲಿ ಹುಡುಗನ ತಪ್ಪೇನಿಲ್ಲ. ನೋಟುಪುಸ್ತಕದ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಇಂಗ್ಲಿಷ್ ಶಬ್ದ, ಬಲಕ್ಕೆ ಕನ್ನಡ ಅರ್ಥ ಬರೆದುಕೊಂಡು ಬಾಯಿಪಾಠ ಮಾಡುವುದು ಎಷ್ಟೋ ಕಾಲದಿಂದ ನಡೆದುಬಂದ ಪದ್ಧತಿ. ಆ ಪದ್ಧತಿಯಲ್ಲಿ ಶಬ್ದದ ಗುರುತು ಹತ್ತುತ್ತದೆ, ಪರಿಚಯವಾಗುವುದಿಲ್ಲ. ಒಬ್ಬ ಮನುಷ್ಯನನ್ನು ಬರೇ ಫೋಟೋದಲ್ಲಿ ನೋಡುವುದಕ್ಕೂ, ಅವನ ಊರು, ಮನೆ, ನೆಂಟರಿಷ್ಟರನ್ನು ಅರಿಯುವುದಕ್ಕೂ ಇರುವಷ್ಟೇ ವ್ಯತ್ಯಾಸ ಇಲ್ಲಿಯೂ ಇದೆ. ‘ಹಾರ್ಬರ್’ ಎಂಬ ಈ ಒಂದು ಶಬ್ದದ ಮನೆಗೆ ಹೋಗಿ ನೋಡಿದರೆ ಎಷ್ಟು ಮಂದಿ ಅಲ್ಲಿ ವಾಸವಾಗಿದ್ದಾರೆಂದು ತಿಳಿಯುತ್ತದೆ.

ವಿಚಿತ್ರವೆಂದರೆ, ಈ ಶಬ್ದ ಹುಟ್ಟಿದ್ದು ಕಡಲ ತೀರದಲ್ಲಿ ಅಲ್ಲ. ಸುಮಾರು ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಅದರ ರೂಪ ‘ಹೆರೆಬೆಯೋರ್ಗ್’ ಎಂದಿತ್ತು. ‘ಹೆರೆ’ ಎಂದರೆ ಸೈನ್ಯ, ‘ಬೆಯೋರ್ಗ್’ ಎಂದರೆ ರಕ್ಷಣೆ, ಆಸರೆ. ದಂಡು ದಾರಿಯಲ್ಲಿ ರಾತ್ರಿ ತಂಗುವ ತಾಣವೇ ಮೊದಲ ಹಾರ್ಬರ್. ಕಾಲಕ್ರಮದಲ್ಲಿ ಸೈನಿಕರು ಮರೆಯಾಗಿ, ಯಾವ ದಾರಿಹೋಕನಿಗಾದರೂ ಸಿಗುವ ತಂಗುದಾಣಕ್ಕೆಲ್ಲ ಅದೇ ಹೆಸರಾಯಿತು. ನಮ್ಮ ಕಡೆಯ ಛತ್ರ, ಸತ್ರ, ಧರ್ಮಶಾಲೆಗಳ ಹಾಗೆ. ಅಲೆ, ಗಾಳಿಗಳಿಂದ ಪಾರಾಗಿ ಬಂದ ಹಡಗಿಗೂ ಅಂಥದೇ ಒಂದು ತಂಗುದಾಣ ಬೇಕಲ್ಲ! ಹೀಗೆ ಶಬ್ದ ನೆಲದಿಂದ ನೀರಿಗಿಳಿಯಿತು. ಈಗ ಕೋಶಗಳಲ್ಲಿ ಮೊದಲು ಕಾಣುವ ‘ಬಂದರು’ ಎಂಬ ಅರ್ಥ ನಿಜಕ್ಕೂ ತಡವಾಗಿ ಬಂದದ್ದು.

ಈ ಶಬ್ದದ ದಾಯಾದಿಗಳು ಯೂರೋಪಿನ ತುಂಬ ಹರಡಿಕೊಂಡಿದ್ದಾರೆ. ಫ್ರೆಂಚರು ಹಳ್ಳಿದಾರಿಯ ವಸತಿಗೃಹಕ್ಕೆ ‘ಓಬೆರ್ಜ್’ ಎನ್ನುತ್ತಾರೆ. ಇಟಲಿಯವರು ಹೋಟೆಲಿಗೆ ‘ಆಲ್ಬೆರ್ಗೊ’ ಎನ್ನುತ್ತಾರೆ. ಎರಡೂ ಇದೇ ಬೇರಿನವು. ಇಂಗ್ಲಿಷಿನಲ್ಲಿಯೇ ‘ಹಾರ್ಬಿಂಜರ್’ ಎಂಬ ಇನ್ನೊಂದು ಶಬ್ದವಿದೆ. ರಾಜನ ಸವಾರಿ ಹೊರಟಾಗ ಮುಂದಾಗಿ ಹೋಗಿ ಊರಿನಲ್ಲಿ ವಸತಿಯ ಏರ್ಪಾಡು ಮಾಡುತ್ತಿದ್ದವನಿಗೆ ಆ ಹೆಸರು. ಅವನು ಬಂದನೆಂದರೆ ಹಿಂದೆಯೇ ರಾಜನೂ ಬರುತ್ತಾನೆಂದು ಅರ್ಥ. ಹಾಗಾಗಿ ಈಗ ಮುನ್ಸೂಚನೆ ಕೊಡುವ ಯಾವುದಕ್ಕೂ ‘ಹಾರ್ಬಿಂಜರ್’ ಎನ್ನುವುದುಂಟು. ಮುಂಗಾರಿಗೆ ಮುಂಚೆ ಕವಿಯುವ ಕಪ್ಪು ಮೋಡವೂ ಒಂದು ಹಾರ್ಬಿಂಜರ್.

ಜರ್ಮನ್ ಭಾಷೆಯಲ್ಲಿ ಇದರ ಸೋದರ ‘ಹೆರ್ಬೆರ್ಗೆ’. ಅದರ ಜೊತೆಗೆ ಒಬ್ಬ ಶಾಲಾ ಮೇಷ್ಟರ ಕಥೆ ಸೇರಿಕೊಂಡಿದೆ. ರಿಚರ್ಡ್ ಶಿರ್‌ಮನ್ ಎಂಬ ಜರ್ಮನ್ ಅಧ್ಯಾಪಕರಿಗೆ ಮಕ್ಕಳನ್ನು ಊರೂರು ನಡೆಸಿಕೊಂಡು ಹೋಗಿ ಪಾಠ ಹೇಳುವ ಹುಚ್ಚು. 1909ರ ಆಗಸ್ಟ್ 26ರಂದು ಅಂಥ ಒಂದು ಕಾಲ್ನಡಿಗೆಯಲ್ಲಿ ಗುಡುಗು, ಮಿಂಚು, ಬಿರುಮಳೆ ಹಿಡಿಯಿತು. ಗುರುಶಿಷ್ಯರು ಒಂದು ಹಳ್ಳಿಯ ಶಾಲೆಯಲ್ಲಿ ಆಸರೆ ಪಡೆದರು. ಹುಡುಗರು ಹುಲ್ಲಿನ ಮೇಲೆ ಮಲಗಿ ನಿದ್ದೆಹೋದರು. ಮೇಷ್ಟರಿಗೆ ಮಾತ್ರ ನಿದ್ದೆ ಬರಲಿಲ್ಲ. ರಜೆಯಲ್ಲಿ ಖಾಲಿ ಬೀಳುವ ಶಾಲೆಗಳನ್ನೇ ನಡೆದು ಬರುವ ಮಕ್ಕಳ ತಂಗುದಾಣ ಮಾಡಿದರೆ ಹೇಗೆ ಎಂಬ ಯೋಚನೆ ಅವರಿಗೆ ಆ ರಾತ್ರಿ ಹೊಳೆಯಿತು. 1912ರಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಅವರ ಮೊದಲ ಶಾಶ್ವತ ‘ಯೂಗೆಂಡ್‌ಹೆರ್ಬೆರ್ಗೆ’ ತೆರೆಯಿತು. ಇಂದು ಜಗತ್ತಿನಾದ್ಯಂತ ಇರುವ ಯೂತ್ ಹಾಸ್ಟೆಲುಗಳ ಮೂಲ ಅದು. ಸೈನಿಕರಿಗೆಂದು ಹುಟ್ಟಿದ ಶಬ್ದ ಕೊನೆಗೆ ಮಕ್ಕಳ ಹಾಸಿಗೆಯಾಯಿತು.

ಇನ್ನು ನೀರಿನ ಮೇಲಿನ ಹಾರ್ಬರಿಗೆ ಬರೋಣ. ‘ಪೋರ್ಟ್’ ಮತ್ತು ‘ಹಾರ್ಬರ್’ ಎರಡಕ್ಕೂ ಕನ್ನಡದಲ್ಲಿ ಬಂದರು ಎಂದೇ ಬರೆಯುವುದು ರೂಢಿ. ಎರಡೂ ಒಂದೇ ಅಲ್ಲ. ಅಲೆಗಳ ಹೊಡೆತವಿಲ್ಲದೆ ಹಡಗು ನಿಲ್ಲಬಹುದಾದ ನೀರು ಹಾರ್ಬರ್. ಸರಕು ಇಳಿಸುವ, ಏರಿಸುವ, ಸುಂಕ ಕಟ್ಟುವ ವ್ಯವಸ್ಥೆ ಇರುವ ಜಾಗ ಪೋರ್ಟ್. ಒಂದು ಆಸರೆ, ಇನ್ನೊಂದು ವ್ಯವಹಾರ. ಇದಕ್ಕೆ ಮದರಾಸಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಈಗಿನ ಚೆನ್ನೈ ನಗರ ಎರಡು ಶತಮಾನಕ್ಕೂ ಹೆಚ್ಚು ಕಾಲ ಹೆಸರಾಂತ ಪೋರ್ಟ್ ಆಗಿತ್ತು, ಆದರೆ ಅಲ್ಲಿ ಹಾರ್ಬರ್ ಇರಲಿಲ್ಲ! ತೀರ ಬಯಲಾಗಿದ್ದುದರಿಂದ ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಹಗ್ಗದಿಂದ ಹೊಲಿದ ಮಸೂಲಾ ದೋಣಿಗಳು ನೊರೆಯಲೆಗಳನ್ನು ದಾಟಿ ಜನರನ್ನೂ ಸರಕನ್ನೂ ದಡಕ್ಕೆ ತರುತ್ತಿದ್ದವು. 1870ರ ದಶಕದಲ್ಲಿ ಸಮುದ್ರದೊಳಕ್ಕೆ ಅಲೆತಡೆ ಗೋಡೆಗಳನ್ನು ಕಟ್ಟತೊಡಗಿದರು. 1881ರ ಚಂಡಮಾರುತ ಅವನ್ನು ಕೆಡವಿತು. ಮತ್ತೆ ಕಟ್ಟಬೇಕಾಯಿತು.

ಕಾರವಾರದ ಅದೃಷ್ಟ ಬೇರೆ. ಅಲ್ಲಿ ಬೆಟ್ಟದ ಚಾಚು ಮತ್ತು ದ್ವೀಪಗಳು ಕೊಲ್ಲಿಗೆ ಅಡ್ಡನಿಂತು ಗಾಳಿ, ಅಲೆಗಳನ್ನು ತಡೆಯುತ್ತವೆ. ಪ್ರಕೃತಿಯೇ ಕಟ್ಟಿಕೊಟ್ಟ ಹಾರ್ಬರ್ ಅದು. ನೌಕಾಪಡೆ ತನ್ನ ದೊಡ್ಡ ನೆಲೆಗೆ ಆ ತೀರವನ್ನು ಆರಿಸಿಕೊಂಡು 2005ರಲ್ಲಿ ‘ಐಎನ್‌ಎಸ್ ಕದಂಬ’ವನ್ನು ಆರಂಭಿಸಿತು. ದಂಡಿನ ತಂಗುದಾಣವೆಂಬ ಮೂಲಾರ್ಥ ಹೀಗೆ ಕಾರವಾರದಲ್ಲಿ ಮತ್ತೆ ಜೀವ ತಳೆದಿದೆ. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ನದಿಗಳು ಸೇರುವ ಅಳಿವೆಯ ಹಳೆಯ ಬಂದರಿಗೆ ದೊಡ್ಡ ಹಡಗುಗಳು ಬರಲಾಗದು, ಮರಳದಿಬ್ಬ ಅಡ್ಡ ಬರುತ್ತದೆ. ಆದ್ದರಿಂದ ಪಣಂಬೂರಿನಲ್ಲಿ ನೆಲವನ್ನೇ ಅಗೆದು ಸಮುದ್ರವನ್ನು ಒಳಗೆ ಕರೆದುಕೊಂಡರು. ಆ ನವಮಂಗಳೂರು ಬಂದರಿನ ಉದ್ಘಾಟನೆಯಾದದ್ದು 1975ರಲ್ಲಿ.

ಹಾರ್ಬರಿನ ಒಳಗೆ ನೀರು ಶಾಂತವಾಗಿರುವುದೇಕೆ? ಮನೆಯಲ್ಲೇ ನೋಡಬಹುದು. ಅಗಲವಾದ ತಟ್ಟೆಯಲ್ಲಿ ನೀರು ತುಂಬಿ, ನಡುವೆ ಒಂದೆರಡು ಬೆರಳಿನ ಸಂದು ಬಿಟ್ಟು ಎರಡು ಇಟ್ಟಿಗೆ ಚೂರುಗಳನ್ನು ಅಡ್ಡಲಾಗಿ ಇಡಬೇಕು. ಒಂದು ಬದಿಯಲ್ಲಿ ಅಡಿಕೋಲಿನಿಂದ ಮೆಲ್ಲಗೆ ಅಲೆ ಎಬ್ಬಿಸಿದರೆ ಬಹುಪಾಲು ಅಲೆ ಇಟ್ಟಿಗೆಗೆ ಬಡಿದು ಹಿಂದಿರುಗುತ್ತದೆ. ಸಂದಿನಲ್ಲಿ ನುಗ್ಗಿದ ಸ್ವಲ್ಪ ಅಲೆ ಬೀಸಣಿಗೆಯಂತೆ ಹರಡಿಕೊಂಡು, ಹರಡಿದಷ್ಟೂ ಎತ್ತರ ಕಳೆದುಕೊಳ್ಳುತ್ತದೆ. ಭೌತಶಾಸ್ತ್ರದಲ್ಲಿ ‘ವಿವರ್ತನೆ’ ಎಂದು ಓದುವ ಪಾಠ ಇದೇ. ಗೋಡೆ ಪೂರ್ತಿ ಮುಚ್ಚಿದ್ದರೆ ಅಲೆ ಬರುವುದಿಲ್ಲ ನಿಜ, ಆದರೆ ಹಡಗೂ ಬರಲಾರದು. ಬಾಗಿಲಿದ್ದೂ ಬಿರುಗಾಳಿಯನ್ನು ಪಳಗಿಸುವುದರಲ್ಲಿಯೇ ಹಾರ್ಬರಿನ ಜಾಣತನವಿದೆ.

ಆದರೂ ಹಾರ್ಬರ್ ಎಲ್ಲ ಅಲೆಗಳಿಗೂ ಮದ್ದಲ್ಲ. 2004ರ ಡಿಸೆಂಬರ್ 26ರಂದು ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ‘ತ್ಸುನಾಮಿ’ ಎಂಬ ಜಪಾನೀ ಶಬ್ದದಲ್ಲಿ ‘ತ್ಸು’ ಎಂದರೆ ಬಂದರು, ‘ನಾಮಿ’ ಎಂದರೆ ಅಲೆ. ಬಂದರಲೆ! ಆಳಸಮುದ್ರದಲ್ಲಿ ಅದರ ಎತ್ತರ ಒಂದು ಮೀಟರು ಇರುವುದೂ ಕಷ್ಟ. ದೋಣಿಯಲ್ಲಿರುವ ಬೆಸ್ತನಿಗೆ ಅದು ಕೆಳಗೆ ಹಾದುಹೋದದ್ದೇ ತಿಳಿಯುವುದಿಲ್ಲ. ಆಳ ಕಡಿಮೆಯಾದಂತೆ ಅದರ ವೇಗ ಕುಗ್ಗಿ, ಎತ್ತರ ಏರಿ, ಬಂದರಿಗೆ ನುಗ್ಗುತ್ತದೆ. ಕ್ಷೇಮವೆಂದು ಕಟ್ಟಿಕೊಂಡ ಜಾಗವೇ ಅಪಾಯಕ್ಕೆ ಸಿಗುವುದುಂಟು ಎಂಬ ಅರಿವು ಆ ಹೆಸರಿನಲ್ಲಿಯೇ ಇದೆ.

ಕಾಗುಣಿತದ ಮಾತನ್ನು ಬೇಗ ಮುಗಿಸಬಹುದು. ಬ್ರಿಟಿಷರು ಈ ಶಬ್ದದ ಕೊನೆಯ ‘ಆರ್’ ಅಕ್ಷರಕ್ಕೆ ಮೊದಲು ಒಂದು ‘ಯು’ ಬರೆಯುತ್ತಾರೆ, ಅಮೆರಿಕದವರು ಬರೆಯುವುದಿಲ್ಲ. ನೋಹಾ ವೆಬ್‌ಸ್ಟರ್ 1828ರಲ್ಲಿ ಹೊರತಂದ ನಿಘಂಟು ಅಲ್ಲಿ ‘ಯು’ ಇಲ್ಲದ ರೂಪಗಳನ್ನು ಗಟ್ಟಿಮಾಡಿತು. ಭಾರತದ ಶಾಲೆಗಳಲ್ಲಿ ಬ್ರಿಟಿಷ್ ರೂಪವೇ ರೂಢಿ. ಆದರೆ ಹೆಸರುಗಳನ್ನು ಅವರವರ ಊರಿನವರು ಬರೆಯುವಂತೆಯೇ ಬರೆಯಬೇಕು. 1941ರ ಡಿಸೆಂಬರ್ 7ರಂದು ಜಪಾನ್ ದಾಳಿ ಮಾಡಿದ ಪರ್ಲ್ ಹಾರ್ಬರಿಗೆ ‘ಯು’ ಇಲ್ಲ, ಸಿಡ್ನಿಯ ಹಾರ್ಬರಿಗೆ ಇದೆ. ಪರೀಕ್ಷೆಯಲ್ಲಿ ಒಂದೇ ಪುಟದಲ್ಲಿ ಎರಡು ಪದ್ಧತಿ ಬೆರೆಸದಿದ್ದರೆ ಸಾಕು.

ಈ ಶಬ್ದದ ನಿಜವಾದ ಕಷ್ಟವಿರುವುದು ಅದು ಕ್ರಿಯಾಪದವಾದಾಗ. ‘ಹಾರ್ಬರ್ ಮಾಡು’ ಎಂದರೆ ಜಾಗ ಕೊಡು, ಒಳಗೆ ಇರಿಸಿಕೋ. ಅದರಲ್ಲಿ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಯಾರಿಗೆ ಜಾಗ ಕೊಟ್ಟರು, ಏಕೆ ಕೊಟ್ಟರು ಎಂಬುದರ ಮೇಲೆ ಅದು ಪುಣ್ಯವೋ ಪಾಪವೋ ಆಗುತ್ತದೆ. ಕೆಲವೊಮ್ಮೆ ಕಾನೂನು ಒಂದು ಕಡೆ, ನ್ಯಾಯ ಇನ್ನೊಂದು ಕಡೆ ನಿಂತದ್ದೂ ಉಂಟು. 1850ರಲ್ಲಿ ಅಮೆರಿಕದಲ್ಲಿ ಬಂದ ಕಾಯಿದೆಯೊಂದು, ಒಡೆಯನಿಂದ ತಪ್ಪಿಸಿಕೊಂಡು ಬಂದ ಗುಲಾಮರನ್ನು ‘ಹಾರ್ಬರ್’ ಮಾಡಿದವರಿಗೆ ಒಂದು ಸಾವಿರ ಡಾಲರುಗಳವರೆಗೆ ದಂಡ, ಆರು ತಿಂಗಳವರೆಗೆ ಸೆರೆವಾಸ ಗೊತ್ತುಮಾಡಿತು. ಅಷ್ಟಾದರೂ ರಾತ್ರಿ ಬಾಗಿಲು ತಟ್ಟಿದವರನ್ನು ಒಳಗೆ ಕರೆದು, ಊಟ ಹಾಕಿ, ಉತ್ತರದ ದಾರಿ ತೋರಿಸಿದ ಮನೆಗಳಿದ್ದವು. ಆಮ್‌ಸ್ಟರ್‌ಡ್ಯಾಮಿನಲ್ಲಿ 1942ರ ಜುಲೈಯಿಂದ 1944ರ ಆಗಸ್ಟ್‌ವರೆಗೆ ಆನ್ ಫ್ರಾಂಕ್ ಎಂಬ ಬಾಲಕಿಯೂ ಸೇರಿ ಎಂಟು ಮಂದಿ ಯಹೂದ್ಯರು ಒಂದು ಕಚೇರಿಯ ಹಿಂಬದಿಯಲ್ಲಿ ಅಡಗಿ ಬದುಕಿದ್ದು, ಆ ಕಚೇರಿಯ ನೌಕರರು ದಿನದಿನವೂ ಅನ್ನ, ಪುಸ್ತಕ, ಸುದ್ದಿ ತಂದುಕೊಟ್ಟದ್ದರಿಂದ. ಹಿಡಿದೊಯ್ದ ಮೇಲೆ ಆ ಎಂಟು ಜನರಲ್ಲಿ ಉಳಿದುಬಂದವರು ಆಕೆಯ ತಂದೆ ಒಬ್ಬರೇ. ಮೀಪ್ ಖೀಸ್ ಎಂಬ ನೌಕರಳು ಎತ್ತಿಟ್ಟಿದ್ದ ಹಾಳೆಗಳು 1947ರಲ್ಲಿ ದಿನಚರಿಯ ಪುಸ್ತಕವಾಗಿ ಹೊರಬಂದವು.

ಭಾರತದ ಕಾನೂನಿನಲ್ಲಿಯೂ ಈ ಶಬ್ದಕ್ಕೆ ತನ್ನದೇ ಜಾಗವಿದೆ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಇತ್ತು, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇದೆ. ಅಪರಾಧಿ ಕೈಗೆ ಸಿಗದಂತೆ ಮಾಡಲು ಮನೆಯಲ್ಲಿ ಇರಿಸಿಕೊಳ್ಳುವುದು ಮಾತ್ರವಲ್ಲ, ಊಟ, ನೀರು, ಬಟ್ಟೆ, ಹಣ, ಆಯುಧ, ವಾಹನ ಒದಗಿಸುವುದೂ ‘ಹಾರ್ಬರ್’ ಎಂದೇ ಲೆಕ್ಕ. ಗೊತ್ತಿದ್ದೂ, ಶಿಕ್ಷೆಯಿಂದ ಪಾರುಮಾಡಬೇಕೆಂಬ ಉದ್ದೇಶದಿಂದಲೇ ಆಸರೆ ಕೊಟ್ಟರೆ ಅದು ಅಪರಾಧ. ಇದರಲ್ಲಿ ಒಂದು ವಿನಾಯಿತಿ ಉಂಟು: ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ಆಸರೆ ಕೊಟ್ಟರೆ ಈ ಕಲಮು ತಾಗುವುದಿಲ್ಲ. ತಂದೆತಾಯಿಗಳಿಗೆ ಆ ವಿನಾಯಿತಿ ಇಲ್ಲ. ಹೆತ್ತವರು ಓದಿ ನೆನಪಿಡಬೇಕಾದ ಮಾತು ಇದು.

ವಿಜ್ಞಾನದ ಪುಸ್ತಕಗಳಿಗೆ ಈ ಕ್ರಿಯಾಪದ ಅಚ್ಚುಮೆಚ್ಚು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಜನರಿಗೂ ಜ್ವರ ತಗುಲಿತು. ಜನರ ಬಾಯಲ್ಲಿ ಅದು ‘ಮಂಗನ ಕಾಯಿಲೆ’ ಆಯಿತು. ಆದರೆ ಮಂಗವೂ ಮನುಷ್ಯನಂತೆ ಅದಕ್ಕೆ ಬಲಿಯಾದ ಪ್ರಾಣಿಯೇ. ವೈರಸ್ಸನ್ನು ಒಳಗಿರಿಸಿಕೊಂಡು ಕಚ್ಚಿ ಹರಡುವುದು ಕಾಡಿನ ಉಣ್ಣೆ. ಒಳಗಿರುವ ವೈರಸ್ಸಿನಿಂದ ಅದಕ್ಕೇನೂ ಆಗುವುದಿಲ್ಲ, ಮೈಯಲ್ಲಿ ಜಾಗ ಕೊಟ್ಟು ಸುಮ್ಮನಿರುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಹೇಳಲು ‘ಹಾರ್ಬರ್’ಗಿಂತ ಸರಿಯಾದ ಶಬ್ದವಿಲ್ಲ.

ಇದಕ್ಕೆ ಎದುರಾದ ಉದಾಹರಣೆ ರಾಗಿ ಹೊಲದಲ್ಲಿಯೇ ಇದೆ. ಹಳೇ ಮೈಸೂರಿನ ರೈತರು ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಬಿತ್ತುತ್ತಾರೆ. ಅವರೆ ಗಿಡವೊಂದನ್ನು ಮೆಲ್ಲಗೆ ಅಗೆದು ಬೇರು ತೊಳೆದರೆ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಸೀಳಿದರೆ ಒಳಗೆ ತಿಳಿಗೆಂಪು ಬಣ್ಣ. ಅದರಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾಗಳ ವಾಸ. ಗಿಡ ಅವಕ್ಕೆ ಮನೆ ಕೊಟ್ಟು ಸಕ್ಕರೆ ಉಣಿಸುತ್ತದೆ. ಅವು ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತಂದುಕೊಡುತ್ತವೆ. ಉಣ್ಣೆಯೂ ಹಾರ್ಬರ್ ಮಾಡುತ್ತದೆ, ಅವರೆಯೂ ಹಾರ್ಬರ್ ಮಾಡುತ್ತದೆ. ಕ್ರಿಯಾಪದ ಒಂದೇ, ಒಳಗೆ ಬಂದ ನೆಂಟರು ಬೇರೆ.

ಕೊನೆಗೆ ಮನಸ್ಸು. ಇಂಗ್ಲಿಷಿನಲ್ಲಿ ದ್ವೇಷ, ಅನುಮಾನ, ಅಸಮಾಧಾನ, ಭಯ, ಶಂಕೆ ಇವನ್ನೆಲ್ಲ ‘ಹಾರ್ಬರ್’ ಮಾಡಬಹುದು. ಹಸಿವು, ನಗು, ನಿದ್ದೆಗಳನ್ನು ಮಾಡಲಾಗದು. ಐದು ನಿಮಿಷದ ಸಿಟ್ಟಿಗೂ ಈ ಶಬ್ದ ಒಪ್ಪುವುದಿಲ್ಲ. ಅದಕ್ಕೆ ಎರಡು ನಿಬಂಧನೆಗಳಿವೆ: ಭಾವನೆ ಒಳಗೆ ಅಡಗಿರಬೇಕು, ಬಹಳ ದಿನ ಉಳಿದಿರಬೇಕು. ಒಳ್ಳೆಯ ಆಸೆಯನ್ನು ಪ್ರೀತಿಯಿಂದ ಕಾಪಾಡಿಕೊಂಡರೆ ‘ಚೆರಿಶ್’ ಎನ್ನುತ್ತಾರೆ. ಅದೇ ಆಸೆಯನ್ನು ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡರೆ ಆಗ ‘ಹಾರ್ಬರ್’ ಬರುತ್ತದೆ. ಶಬ್ದದ ಜೊತೆಗೆ ಅದರ ಒಡನಾಡಿಗಳನ್ನೂ ಕಲಿಯಬೇಕೆನ್ನುವುದು ಇದಕ್ಕಾಗಿಯೇ. ನೋಟುಪುಸ್ತಕದಲ್ಲಿ ಒಂಟಿ ಶಬ್ದ ಬರೆಯುವ ಬದಲು ಅದು ಬಂದ ವಾಕ್ಯವನ್ನೇ ಬರೆದುಕೊಳ್ಳುವ ವಿದ್ಯಾರ್ಥಿ ಮುಂದೆ ಎಡವುವುದಿಲ್ಲ.

ಕನ್ನಡ ಈ ವಿಷಯದಲ್ಲಿ ಇಂಗ್ಲಿಷಿಗಿಂತ ಒಂದು ಹೆಜ್ಜೆ ಮುಂದೆ. ಒಬ್ಬರ ತಪ್ಪನ್ನು ‘ಮನಸ್ಸಿನಲ್ಲಿ ಇಟ್ಟುಕೊಳ್ಳುವುದು’ ಬೇರೆ, ‘ಹೊಟ್ಟೆಗೆ ಹಾಕಿಕೊಳ್ಳುವುದು’ ಬೇರೆ. ಎರಡರಲ್ಲೂ ತಪ್ಪು ಒಳಗೇ ಹೋಗುತ್ತದೆ. ಮನಸ್ಸಿನಲ್ಲಿಟ್ಟುಕೊಂಡದ್ದು ಇಟ್ಟಲ್ಲೇ ಇದ್ದು ಹಗೆಯಾಗುತ್ತದೆ. ಹೊಟ್ಟೆಗೆ ಹಾಕಿಕೊಂಡದ್ದು ಜೀರ್ಣವಾಗುತ್ತದೆ, ಅದೇ ಕ್ಷಮೆ. ಬಹಳ ದಿನ ಬಂದರಿನಲ್ಲಿ ನಿಂತ ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಅಂಟಿಕೊಂಡು ಬೆಳೆಯುತ್ತವೆ. ಆಮೇಲೆ ಹಡಗು ಹೊರಟರೂ ಅವುಗಳ ಎಳೆತದಿಂದ ವೇಗ ಕುಗ್ಗುತ್ತದೆ, ಹೆಚ್ಚು ಇಂಧನ ಬೇಕಾಗುತ್ತದೆ. ಮನಸ್ಸಿನಲ್ಲಿಟ್ಟುಕೊಂಡ ಹಗೆಯೂ ಹೀಗೆಯೇ. ಅದರ ಖರ್ಚನ್ನು ಹೊರುವವನು ಇಟ್ಟುಕೊಂಡವನೇ.

ಮಕ್ಕಳ ಮನಸ್ಸೂ ಒಂದು ಪುಟ್ಟ ಹಾರ್ಬರ್. ‘ಪಕ್ಕದ ಮನೆಯವನಿಗೆ ತೊಂಬತ್ತೈದು, ನಿನಗೇಕೆ ಅರವತ್ತು?’ ಎಂದು ಊಟದ ಹೊತ್ತಿನಲ್ಲಿ ಆಡಿದ ಮಾತನ್ನು ಆಡಿದವರು ಕೈತೊಳೆಯುವಷ್ಟರಲ್ಲಿ ಮರೆಯುತ್ತಾರೆ. ಕೇಳಿದ ಮಗು ಮರೆಯುವುದಿಲ್ಲ. ಅವಮಾನ ಅಲ್ಲಿ ಲಂಗರು ಹಾಕುತ್ತದೆ. ಮುಂದಿನ ಅಂಕಪಟ್ಟಿ ಪುಸ್ತಕದ ರಟ್ಟಿನೊಳಗೆ ಅಡಗುತ್ತದೆ. ಮಗು ಸುಳ್ಳು ಹೇಳಿತೆಂದು ಆಮೇಲೆ ದೂರುವುದುಂಟು. ಬಾಗಿಲು ಮುಚ್ಚಿದ ಬಂದರಿನ ಹೊರಗೆ ಹಡಗು ಇನ್ನೇನು ಮಾಡೀತು?

ಒಬ್ಬ ಹುಡುಗ ಸಹಪಾಠಿಯ ಕ್ಯಾಲ್ಕುಲೇಟರ್ ಕದ್ದು ಸಿಕ್ಕಿಬಿದ್ದನೆಂದು ಇಟ್ಟುಕೊಳ್ಳಿ. ಕೆಲವು ತಂದೆಯರು ‘ನಮ್ಮ ಹುಡುಗ ಅಂಥವನಲ್ಲ’ ಎಂದು ಶಾಲೆಯವರ ಮೇಲೆಯೇ ಹಾರಿಹೋಗುತ್ತಾರೆ. ಅವರು ಆಸರೆ ಕೊಡುತ್ತಿರುವುದು ಮಗನಿಗಲ್ಲ, ಮಗನ ತಪ್ಪಿಗೆ. ಇನ್ನು ಕೆಲವರು ‘ಮಾನ ಕಳೆದೆ, ಮನೆಗೆ ಕಾಲಿಡಬೇಡ’ ಎಂದು ಅಬ್ಬರಿಸುತ್ತಾರೆ. ಬಿರುಗಾಳಿ ಎದ್ದ ಹೊತ್ತಿನಲ್ಲಿಯೇ ಬಂದರು ಮುಚ್ಚಿದಂತೆ ಅದು. ಮೂರನೆಯ ದಾರಿಯೊಂದಿದೆ. ‘ಅಪ್ಪಾ, ತಗೊಂಡಿದ್ದು ನಾನೇ’ ಎಂದು ಹುಡುಗ ಹೇಳುವವರೆಗೆ ತಾಳ್ಮೆಯಿಂದ ಪಕ್ಕದಲ್ಲಿ ಕೂರುವುದು, ರಾತ್ರಿ ಎಂದಿನಂತೆ ಊಟಕ್ಕೆ ಬಡಿಸುವುದು, ಬೆಳಿಗ್ಗೆ ಆ ಕ್ಯಾಲ್ಕುಲೇಟರನ್ನು ಅವನ ಕೈಗೇ ಕೊಟ್ಟು, ಹಿಂದಿರುಗಿಸಿ ಬರಲು ಶಾಲೆಯವರೆಗೆ ಜೊತೆಯಲ್ಲಿ ನಡೆಯುವುದು.